ಹೆಸರಿಲ್ಲದ ಗ್ರೂಪ್ ಫೋಟೊ, ಹಳೆಯ ಆಮಂತ್ರಣ ಪತ್ರಿಕೆ: ಕ್ಯಾಂಪಸ್ಸಿನ ಮತ್ತು ಊರಿನ ಚರಿತ್ರೆ ಉಳಿಸುವುದು ಹೇಗೆ

ಯೂನಿವರ್ಸಿಟಿಯ ಆಡಳಿತ ಮಂಡಳಿ ಯಾವತ್ತು ಸಭೆ ಸೇರಿತು, ಯಾವ ಕಟ್ಟಡಕ್ಕೆ ಎಷ್ಟು ಹಣ ಮಂಜೂರಾಯಿತು ಎನ್ನುವುದೆಲ್ಲ ಕಡತದಲ್ಲಿ ಇರುತ್ತದೆ. ಅದನ್ನು ಕಾಯುವವರೂ ಇರುತ್ತಾರೆ. ಆದರೆ ಹಾಸ್ಟೆಲ್ ಗೋಡೆಗೆ ಅಂಟಿಸಿದ ಪೋಸ್ಟರ್, ನಾಟಕದ ಸಂಜೆ ಹಂಚಿದ ಒಂದು ಹಾಳೆಯ ಕಾರ್ಯಕ್ರಮ ಪಟ್ಟಿ, ವಿದ್ಯಾರ್ಥಿ ಸಂಘದ ಚುನಾವಣೆಯ ಕರಪತ್ರ, ಕ್ಯಾಂಟೀನ್ ಕೂಪನ್, ಲೈಬ್ರರಿ ಕಾರ್ಡ್, ಬಾಗಿಲು ಹಾಕಿದ ಫೋಟೊ ಸ್ಟುಡಿಯೋದ ನೆಗೆಟಿವ್ ಡಬ್ಬಿ, ಇವನ್ನು ಕಾಯುವುದು ಯಾರ ಕೆಲಸವೂ ಅಲ್ಲ. ಹಾಗಾಗಿಯೇ ಇವು ಮೊದಲು ಹೋಗುತ್ತವೆ.

ಇಂಥ ಚಿಲ್ಲರೆ ಕಾಗದಗಳನ್ನು ಗಂಭೀರವಾಗಿ ತೆಗೆದುಕೊಂಡವರು ಹಿಂದೆಯೂ ಇದ್ದರು. ಆಕ್ಸ್‌ಫರ್ಡ್ ಯೂನಿವರ್ಸಿಟಿಯ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಜಾನ್ ಜಾನ್ಸನ್ ಚಿಕ್ಕ ವಯಸ್ಸಿನಲ್ಲಿ ಈಜಿಪ್ಟಿನಲ್ಲಿ ಪ್ರಾಚೀನ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ಹುಡುಕುವ ಕೆಲಸ ಮಾಡಿದ್ದರು. ಅಲ್ಲಿ ಸಿಗುತ್ತಿದ್ದುದು ಬಹುಪಾಲು ಜನ ಎಸೆದ ಕಸವೇ. ಹಾಗಾದರೆ ನಮ್ಮ ಕಾಲದ ಕಸವನ್ನು ಈಗಲೇ ಯಾಕೆ ಎತ್ತಿಡಬಾರದು ಎಂದು ಅವರು ಟಿಕೆಟ್, ಜಾಹೀರಾತು, ಲೇಬಲ್, ಆಮಂತ್ರಣ ಎಲ್ಲವನ್ನೂ ಕೂಡಿಡತೊಡಗಿದರು. 1968ರಲ್ಲಿ ಅದೇ ಯೂನಿವರ್ಸಿಟಿಯ ಬೋಡ್ಲಿಯನ್ ಲೈಬ್ರರಿಗೆ ಬಂದ ಆ ಸಂಗ್ರಹದಲ್ಲಿ ಇವತ್ತು 10 ಲಕ್ಷಕ್ಕೂ ಜಾಸ್ತಿ ವಸ್ತುಗಳಿವೆ.

ಈ ಕೆಲಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಸ್ಕ್ಯಾನರ್ ಕೊಳ್ಳುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ಸರಿಯಾಗಿ ಇಟ್ಟ ಕಪ್ಪು ಬಿಳುಪು ಪ್ರಿಂಟ್ ಇನ್ನೂ 50 ವರ್ಷ ಕಾಯುತ್ತದೆ. ಅದರಲ್ಲಿರುವ ಮುಖಗಳ ಹೆಸರು ಗೊತ್ತಿರುವವರು ಅಷ್ಟು ದಿನ ಇರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಸ್ಕ್ಯಾನಿಂಗ್ ತಡವಾಗಿ ಬರುತ್ತದೆ.

1. ಪೆಟ್ಟಿಗೆ ತೆರೆದಾಗ ಸುಮ್ನೆ ನೋಡಿ

ಯಾರೋ ನಿವೃತ್ತ ಪ್ರಾಧ್ಯಾಪಕರ ಮನೆಯಿಂದ ಒಂದು ಪೆಟ್ಟಿಗೆ ಬಂತು ಎಂದುಕೊಳ್ಳಿ. ಮೊದಲು ಎಲ್ಲವನ್ನೂ ಮೇಜಿನ ಮೇಲೆ ಸುರಿದು ವಿಂಗಡಿಸುವ ಆಸೆ ಆಗುತ್ತದೆ. ಬೇಡ. ಇದ್ದದ್ದು ಇದ್ದ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ಲಕೋಟೆಯಲ್ಲಿ ಏನಿತ್ತು, ಯಾವುದರ ಪಕ್ಕ ಯಾವುದಿತ್ತು ಎನ್ನುವುದೂ ಮಾಹಿತಿಯೇ. ಹೆಸರಿಲ್ಲದ ಹತ್ತು ಫೋಟೊಗಳ ಜೊತೆ ಒಂದು ಆಮಂತ್ರಣ ಪತ್ರಿಕೆ ಸಿಕ್ಕರೆ, ಆ ಹತ್ತೂ ಅದೇ ಸಮಾರಂಭದವು ಇರಬಹುದು. ಬೇರೆ ಬೇರೆ ಗುಡ್ಡೆ ಹಾಕಿದ ಕ್ಷಣ ಆ ಸುಳಿವು ಹೋಯಿತು. ದಾಖಲೆಗಳನ್ನು ಬಂದ ಮೂಲದ ಪ್ರಕಾರ, ಮೂಲ ಕ್ರಮದಲ್ಲೇ ಇಡಬೇಕು ಎನ್ನುವುದು ಆರ್ಕೈವ್‌ಗಳಲ್ಲಿ, ಅಂದರೆ ದಾಖಲೆ ಸಂಗ್ರಹಾಲಯಗಳಲ್ಲಿ, 19ನೇ ಶತಮಾನದಿಂದ ನಡೆದುಬಂದ ನಿಯಮ.

ಒಂದು ರಿಜಿಸ್ಟರ್ ಇಡಿ. ಯಾರು ಕೊಟ್ಟರು, ಯಾವತ್ತು ಕೊಟ್ಟರು, ಅವರಿಗೆ ಅದು ಎಲ್ಲಿಂದ ಬಂತು, ಒಟ್ಟು ಎಷ್ಟಿವೆ ಎಂದು ಬರೆಯಿರಿ. ಪೆಟ್ಟಿಗೆಗೆ ಒಂದು ಸಂಖ್ಯೆ ಕೊಡಿ. ಆ ವರ್ಷದ ಮೂರನೇ ಪೆಟ್ಟಿಗೆಯ 17ನೇ ವಸ್ತುವಿಗೆ 2025-03-017 ಎಂಬಂಥ ಸರಳ ಸಂಖ್ಯೆ ಸಾಕು. ಇದೇ ಸಂಖ್ಯೆ ಮುಂದೆ ಲಕೋಟೆಯ ಮೇಲೆ, ಪಟ್ಟಿಯಲ್ಲಿ, ಸ್ಕ್ಯಾನ್ ಫೈಲಿನ ಹೆಸರಿನಲ್ಲಿ, ಎಲ್ಲ ಕಡೆ ಬರುತ್ತದೆ.

ಏನನ್ನು ತೆಗೆದುಕೊಳ್ಳುತ್ತೀರಿ, ಏನನ್ನು ಬೇಡ ಎನ್ನುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಜಾಗ ಇರುವುದು ಇಷ್ಟೇ, ಅಲ್ವಾ? ಒಂದು ಕ್ಯಾಂಪಸ್ ಮತ್ತು ಅದರ ಸುತ್ತಲಿನ ಬಡಾವಣೆ ಎಂದು ಗೆರೆ ಹಾಕಿಕೊಂಡರೆ ಆಮೇಲೆ ಇಲ್ಲ ಎನ್ನುವುದು ಸುಲಭ.

2. ಕೈ, ಪೆನ್ಸಿಲ್, ಪಿನ್ನು

ಫೋಟೊ ಮತ್ತು ನೆಗೆಟಿವ್ ಹಿಡಿಯುವಾಗ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಕೈಗವಸು ಹಾಕಿಕೊಳ್ಳಿ, ಅಂಚಿನಲ್ಲಷ್ಟೇ ಹಿಡಿಯಿರಿ. ಬೆರಳಿನ ಎಣ್ಣೆ ಚಿತ್ರ ಹೊತ್ತ ಜಿಲೆಟಿನ್ ಪದರದ ಮೇಲೆ ಶಾಶ್ವತ ಗುರುತು ಬಿಡುತ್ತದೆ. ಕಾಗದಕ್ಕೆ ಕೈಗವಸು ಬೇಕಿಲ್ಲ, ತೊಳೆದು ಒರೆಸಿದ ಕೈಯೇ ಒಳ್ಳೆಯದು. ಹತ್ತಿಯ ಕೈಗವಸಿನಲ್ಲಿ ಹಾಳೆಯ ಅಂಚು ಗೊತ್ತಾಗದೆ ಹರಿಯುವುದೇ ಜಾಸ್ತಿ. ಮೇಜಿನ ಮೇಲೆ ಪೆನ್ ಇರಲೇಬಾರದು. ಮೆತ್ತಗಿನ ಪೆನ್ಸಿಲ್ ಮಾತ್ರ.

ತುಕ್ಕು ಹಿಡಿದ ಸ್ಟೇಪಲ್ ಪಿನ್, ಗುಂಡುಪಿನ್, ಕ್ಲಿಪ್, ರಬ್ಬರ್ ಬ್ಯಾಂಡ್ ಇದ್ದರೆ ನಿಧಾನಕ್ಕೆ ಬಿಡಿಸಿ. ಸೆಲ್ಲೋ ಟೇಪ್ ಮಾತ್ರ ಎಳೆಯಬೇಡಿ, ಅದರ ಜೊತೆ ಚಿತ್ರವೂ ಕಿತ್ತು ಬರುತ್ತದೆ. ಹರಿದದ್ದನ್ನು ಹೊಸ ಟೇಪ್ ಹಾಕಿ ಅಂಟಿಸುವುದೂ ಬೇಡ. ಲ್ಯಾಮಿನೇಷನ್ ಮಾತೇ ಎತ್ತಬೇಡಿ. ಒಮ್ಮೆ ಮಾಡಿದರೆ ಅದನ್ನು ಬಿಡಿಸಲು ಆಗುವುದಿಲ್ಲ.

ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್‌ಗಳು ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದವು. ಅವು ಫೋಟೊಗೆ ಶತ್ರು. ಮೊದಲು ಇಡೀ ಪುಟದ ಫೋಟೊ ತೆಗೆಯಿರಿ, ಯಾಕೆಂದರೆ ಜೋಡಿಸಿದ ಕ್ರಮ, ಪಕ್ಕದಲ್ಲಿ ಬರೆದ ಮಾತು ಎಲ್ಲವೂ ಬೇಕು. ಆಮೇಲೆ ಹಲ್ಲಿನ ಸಂದಿ ತೆಗೆಯುವ ಫ್ಲಾಸ್ ದಾರವನ್ನು ಫೋಟೊದ ಹಿಂದೆ ತೂರಿಸಿ ಗರಗಸ ಆಡಿಸಿದಂತೆ ಮೆಲ್ಲಗೆ ಎಳೆದರೆ ಬಹಳ ಸಲ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಹಟ ಬೇಡ. ಫ್ರೇಮಿನ ಗಾಜಿಗೇ ಅಂಟಿಹೋದ ಫೋಟೊವನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಡಿ. ಸುರುಳಿ ಸುತ್ತಿದ ಉದ್ದನೆಯ ಗ್ರೂಪ್ ಫೋಟೊಗಳನ್ನು ಒತ್ತಿ ಬಿಡಿಸಿದರೆ ಬಿರುಕು ಬಿಡುತ್ತವೆ. ಅದು ಪರಿಣತರ ಕೆಲಸ.

3. ಯಾವುದು ಮೊದಲು ಹಾಳಾಗುತ್ತದೆ?

ಎಲ್ಲಕ್ಕೂ ಒಂದೇ ಅವಸರ ಇರುವುದಿಲ್ಲ. ಯಾವುದು ಯಾವುದರಿಂದ ಆಗಿದೆ ಎಂದು ಗೊತ್ತಾದರೆ ಸರದಿ ತಾನಾಗಿ ತಿಳಿಯುತ್ತದೆ.

ಹಳೆಯ ಫಿಲ್ಮ್ ನೆಗೆಟಿವ್‌ಗಳಲ್ಲಿ ಸೆಲ್ಯುಲೋಸ್ ನೈಟ್ರೇಟ್‌ನದು ನಿಜಕ್ಕೂ ಅಪಾಯದ್ದು. ಸುಮಾರು 1890ರಿಂದ 1950ರ ದಶಕದ ಆರಂಭದವರೆಗೆ ಇದು ಬಳಕೆಯಲ್ಲಿತ್ತು. ಹಳದಿಯಾಗುತ್ತದೆ, ಅಂಟಂಟಾಗುತ್ತದೆ, ಕೊನೆಗೆ ಕಂದು ಪುಡಿಯಾಗುತ್ತದೆ. ಬೆಂಕಿ ಹತ್ತಿದರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹೊರಬಿಡುತ್ತದೆ, ಹಾಗಾಗಿ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಆ ಕಾಲದ ಫಿಲ್ಮ್ ಸಿಕ್ಕಿ, ಅಂಚಿನಲ್ಲಿ ‘ಸೇಫ್ಟಿ’ ಎಂಬ ಮುದ್ರೆ ಇಲ್ಲದಿದ್ದರೆ ಬೇರೆ ಕಡೆ, ತಂಪಾದ ಜಾಗದಲ್ಲಿ ಇಟ್ಟು ದೊಡ್ಡ ಆರ್ಕೈವ್‌ನವರನ್ನು ಕೇಳಿ. ಸುಟ್ಟು ಪರೀಕ್ಷೆ ಮಾಡುವ ಸಾಹಸವಂತೂ ಬೇಡವೇ ಬೇಡ.

ಅದರ ಜಾಗಕ್ಕೆ ಬಂದ ಅಸಿಟೇಟ್ ಫಿಲ್ಮ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಆದರೆ ಕೊಳೆಯುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಅದು ಶುರುವಾಗಿದೆ ಎಂದರ್ಥ. ಹೊರಬಂದ ಆಮ್ಲ ಕೊಳೆಯುವುದನ್ನು ಇನ್ನೂ ಜೋರು ಮಾಡುತ್ತದೆ, ಪಕ್ಕದ ಫಿಲ್ಮಿಗೂ ಹರಡುತ್ತದೆ. ಇವನ್ನು ಬೇರ್ಪಡಿಸಿ, ಸ್ಕ್ಯಾನಿಂಗ್ ಸರದಿಯಲ್ಲಿ ಎಲ್ಲಕ್ಕಿಂತ ಮುಂದೆ ಇಡಿ.

ಗಾಜಿನ ಪ್ಲೇಟ್‌ಗಳು, ಅಂದರೆ ಫಿಲ್ಮಿನ ಬದಲು ಗಾಜಿನ ಮೇಲಿರುವ ನೆಗೆಟಿವ್‌ಗಳು, ಒಡೆಯುತ್ತವೆ ಎನ್ನುವುದು ಬಿಟ್ಟರೆ ಗಟ್ಟಿ. ಒಂದರ ಮೇಲೊಂದು ಪೇರಿಸದೆ, ಒಂದೊಂದಕ್ಕೂ ಕಾಗದದ ಲಕೋಟೆ ಹಾಕಿ, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಇಡಿ.

ಬಣ್ಣದ ಫೋಟೊಗಳ ವಿಷಯದಲ್ಲಿ ಜನರ ಲೆಕ್ಕ ಉಲ್ಟಾ ಇರುತ್ತದೆ. 1920ರ ಕಪ್ಪು ಬಿಳುಪು ಫೋಟೊ ಹಳೆಯದು, ಅದಕ್ಕೇ ಜಾಸ್ತಿ ಗಮನ ಬೇಕು ಎಂದುಕೊಳ್ಳುತ್ತಾರೆ. ಆದರೆ ಅದರಲ್ಲಿರುವುದು ಬೆಳ್ಳಿ. 1970ರ ಬಣ್ಣದ ಪ್ರಿಂಟಿನಲ್ಲಿ ಇರುವುದು ಬಣ್ಣದ ರಾಸಾಯನಿಕ, ಅದು ಕತ್ತಲಲ್ಲಿ ಇಟ್ಟರೂ ಮಾಸುತ್ತದೆ. ಈಗಾಗಲೇ ಕೆಂಪಗಾಗಿದೆ ಎಂದರೆ ಅದರ ಸರದಿ ಮೊದಲು.

ಕಾಗದಗಳಲ್ಲಿ ಅತ್ಯಂತ ಅಲ್ಪಾಯುಷಿ ಥರ್ಮಲ್ ರಸೀದಿ. ಶಾಖದಿಂದ ಮೂಡುವ ಅಕ್ಷರ, ಕೆಲವೇ ವರ್ಷದಲ್ಲಿ ಬೆಳ್ಳಗಾಗಿಬಿಡುತ್ತದೆ. ಹಳೆಯ ಫ್ಯಾಕ್ಸ್ ಕಾಗದವೂ ಹಾಗೇ. ತಕ್ಷಣ ನಕಲು ತೆಗೆಯಿರಿ. ಪತ್ರಿಕೆಯ ತುಣುಕಿನ ಕಾಗದದಲ್ಲಿ ಆಮ್ಲ ಹೆಚ್ಚು, ಅದು ಒತ್ತಿಕೊಂಡಿದ್ದ ಫೋಟೊದ ಮೇಲೂ ಕಂದು ಕಲೆ ಬಿಡುತ್ತದೆ, ಬೇರೆ ಲಕೋಟೆಗೆ ಹಾಕಿ.

4. ಹೆಸರು ಬರೆಸಿಕೊಳ್ಳುವುದು

ಇದೇ ಮುಖ್ಯ ಕೆಲಸ. ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಒಂದು ವಿಭಾಗದ ಬೀಳ್ಕೊಡುಗೆಯ ಗ್ರೂಪ್ ಫೋಟೊ ಇದೆ. ನಾಲ್ಕು ಸಾಲು, 40 ಜನ. ಮೂಲ ಪ್ರತಿಯನ್ನು ಮುಟ್ಟಬೇಡಿ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಪ್ರತಿ ತಲೆಯ ಸುತ್ತ ಗೆರೆ ಎಳೆದು ಸಂಖ್ಯೆ ಹಾಕಿ. ‘ಎಡದಿಂದ ಬಲಕ್ಕೆ’ ಎಂಬ ಪಟ್ಟಿಯನ್ನು ನಂಬಲು ಆಗುವುದಿಲ್ಲ, ಸಾಲುಗಳ ಮಧ್ಯೆ ಇಣುಕುವ ಒಬ್ಬರು ಇದ್ದೇ ಇರುತ್ತಾರೆ, ಅಲ್ಲಿಂದ ಮುಂದಿನ ಹೆಸರುಗಳೆಲ್ಲ ಒಂದೊಂದು ಸ್ಥಾನ ಜರುಗುತ್ತವೆ.

ಈ ಹಾಳೆ ಹಿಡಿದು ಹಳೆಯ ವಿದ್ಯಾರ್ಥಿಗಳ ಹತ್ತಿರ ಹೋಗಿ. ಪ್ರಾಧ್ಯಾಪಕರನ್ನಷ್ಟೇ ಕೇಳಬೇಡಿ. ಹಾಸ್ಟೆಲ್ ಅಡುಗೆಯವರು, ಲ್ಯಾಬ್ ಸಹಾಯಕರು, ತೋಟದ ಕೆಲಸದವರು, ಗೇಟಿನ ಕಾವಲುಗಾರರು, ಕ್ಯಾಂಪಸ್ ಎದುರಿನ ಅಂಗಡಿಯವರು, ಇವರು ಒಂದೇ ಜಾಗದಲ್ಲಿ ದಶಕಗಟ್ಟಲೆ ಇದ್ದವರು. ವಿದ್ಯಾರ್ಥಿಗಳು ಕೆಲವೇ ವರ್ಷ ಇದ್ದು ಹೋದವರು. ಫೋಟೊದ ಕೊನೆಯ ಸಾಲಿನ ಅಂಚಿನಲ್ಲಿ ನಿಂತ ಸಿಬ್ಬಂದಿಯ ಹೆಸರನ್ನು ಯಾವ ವಾರ್ಷಿಕ ಸಂಚಿಕೆಯೂ ಅಚ್ಚು ಹಾಕಿರುವುದಿಲ್ಲ. ಅದನ್ನು ಹೇಳಬಲ್ಲವರು ಇವರೇ.

ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿ. ಗುಂಪಿನಲ್ಲಿ ಜೋರಾಗಿ ಮಾತಾಡುವವರು ಹೇಳಿದ ಹೆಸರಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಬೇರೆ ಬೇರೆ ಕೇಳಿದಾಗ ಇಬ್ಬರು ಒಂದೇ ಹೆಸರು ಹೇಳಿದರೆ ನಂಬಿಕೆ ಹೆಚ್ಚುತ್ತದೆ. ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಯಾರು ಹೇಳಿದರು, ಯಾವತ್ತು ಹೇಳಿದರು ಎಂದೂ ಬರೆಯಿರಿ. ಊಹೆಗೆ ಪ್ರಶ್ನೆ ಚಿಹ್ನೆ ಹಾಕಿ. ಒಮ್ಮೆ ಖಚಿತ ಎಂಬಂತೆ ಬರೆದ ತಪ್ಪು ಹೆಸರು ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲಾಗುತ್ತಲೇ ಹೋಗುತ್ತದೆ, ಖಾಲಿ ಬಿಟ್ಟ ಜಾಗದಿಂದ ಆ ತೊಂದರೆ ಇಲ್ಲ.

ಮಾತಾಡುವಾಗ ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಫೋಟೊ ಎದುರಿಗಿದ್ದಾಗ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ‘ನಿಮ್ಮ ಕಾಲದ ಬಗ್ಗೆ ಹೇಳಿ’ ಎಂದರೆ ಎರಡು ಮಾತಿಗೆ ನಿಲ್ಲುತ್ತದೆ. ‘ಈ ಮೆಟ್ಟಿಲು ಈಗ ಎಲ್ಲಿ ಹೋಯಿತು?’ ಎಂದು ಕೇಳಿ ನೋಡಿ.

ದೂರದಲ್ಲಿರುವವರನ್ನು ಮುಟ್ಟಲು ಆನ್‌ಲೈನ್ ದಾರಿ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ಸುಮಾರು 3,000 ಹಳೆಯ ಫೋಟೊಗಳನ್ನು ಫ್ಲಿಕರ್ ಎಂಬ ಫೋಟೊ ಹಂಚುವ ವೆಬ್‌ಸೈಟಿನಲ್ಲಿ ಹಾಕಿ, ಗೊತ್ತಿದ್ದವರು ಹೇಳಿ ಎಂದು ಕೇಳಿತು. ಜನ ಸ್ಥಳ, ಹೆಸರು, ದಿನಾಂಕ ಹುಡುಕಿ ಕೊಟ್ಟರು. ಲೈಬ್ರರಿಯವರು ಅದನ್ನು ಪರಿಶೀಲಿಸಿದ ಮೇಲೆಯೇ ತಮ್ಮ ದಾಖಲೆಗೆ ಸೇರಿಸಿಕೊಂಡರು. ಈ ಪರಿಶೀಲನೆಯ ಭಾಗವನ್ನು ಬಿಡಬೇಡಿ.

ದಿನಾಂಕಕ್ಕೆ ಫೋಟೊದೊಳಗೇ ಸುಳಿವು ಇರುತ್ತದೆ. ಹಿಂದೆ ಕಾಣುವ ಕಟ್ಟಡಕ್ಕೆ ಎರಡನೇ ಮಹಡಿ ಬಂದಿದೆಯೇ? ಫಲಕದ ಮೇಲೆ ಯೂನಿವರ್ಸಿಟಿಯ ಹಳೆಯ ಹೆಸರಿದೆಯೇ? ಮರ ಎಷ್ಟೆತ್ತರ ಇದೆ? ‘1962ಕ್ಕಿಂತ ಮೊದಲಲ್ಲ, 1967ರ ನಂತರವೂ ಅಲ್ಲ’ ಎಂದು ಎರಡು ಗಡಿ ಹಾಕಲು ಬಂದರೆ ಅದೇ ಒಳ್ಳೆಯ ಉತ್ತರ. ಪ್ರಿಂಟಿನ ಅಂಚಿನಲ್ಲಿ ತಿಂಗಳು, ವರ್ಷ ಅಚ್ಚಾಗಿದ್ದರೆ ಹುಷಾರು. ಅದು ಪ್ರಿಂಟ್ ಹಾಕಿದ ಕಾಲ. ಕ್ಯಾಮೆರಾದಲ್ಲಿ ರೋಲ್ ತಿಂಗಳುಗಟ್ಟಲೆ ಉಳಿದಿರಬಹುದು. ಪ್ಲಾಸ್ಟಿಕ್ ಲೇಪದ ನುಣುಪು ಕಾಗದ ಬಂದದ್ದು 1960ರ ದಶಕದ ಕೊನೆಗೆ. 1940ರ ಚಿತ್ರ ಆ ಕಾಗದದ ಮೇಲಿದ್ದರೆ ಅದು ಆಮೇಲೆ ತೆಗೆಸಿದ ಪ್ರತಿ. ನೆಗೆಟಿವ್ ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದರೆ ಎಡ ಬಲ ಅದಲು ಬದಲಾಗಿರುತ್ತದೆ. ಫಲಕದ ಅಕ್ಷರ, ಅಂಗಿಯ ಗುಂಡಿ ನೋಡಿದರೆ ಗೊತ್ತಾಗುತ್ತದೆ.

ಇಲ್ಲೇ ಚಿಲ್ಲರೆ ಕಾಗದ ಕೆಲಸಕ್ಕೆ ಬರುವುದು. ಫೋಟೊದಲ್ಲಿ ಮುಖ ಇದೆ, ದಿನಾಂಕ ಇಲ್ಲ. ಆಮಂತ್ರಣದಲ್ಲಿ ದಿನಾಂಕ, ಸ್ಥಳ, ಅತಿಥಿಗಳ ಹೆಸರು ಎಲ್ಲ ಇದೆ, ಮುಖ ಇಲ್ಲ. ಎರಡನ್ನೂ ಜೋಡಿಸಿದರೆ ಒಂದು ಘಟನೆ ಪೂರ್ತಿಯಾಗುತ್ತದೆ. ಕ್ರೀಡಾಕೂಟದ ಪಟ್ಟಿ ಸಿಕ್ಕರೆ ಕಪ್ ಹಿಡಿದು ನಿಂತ ಐದು ಹುಡುಗಿಯರು ಯಾರೆಂದು ಹೇಳಲು ಸಾಧ್ಯ.

5. ಇವತ್ತಿನದನ್ನೂ ಎತ್ತಿಡಿ

17ನೇ ಶತಮಾನದ ಲಂಡನ್ನಿನಲ್ಲಿ ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿ ಇದ್ದರು. 1640ರಿಂದ 1661ರವರೆಗೆ, ಅಂತರ್ಯುದ್ಧದ ಗಲಾಟೆಯ ನಡುವೆ, ಬೀದಿಯಲ್ಲಿ ಮಾರಾಟವಾಗುತ್ತಿದ್ದ ಕಿರುಹೊತ್ತಗೆ, ಸುದ್ದಿ ಹಾಳೆಗಳನ್ನು ಕೂಡಿಡುತ್ತ ಹೋದರು. 22,000ಕ್ಕೂ ಹೆಚ್ಚು ಸೇರಿದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರು ಮಾಡಿದ ಒಂದು ಸಣ್ಣ ಕೆಲಸ ಇತಿಹಾಸಕಾರರಿಗೆ ದೊಡ್ಡ ಉಪಕಾರವಾಯಿತು: ಎಷ್ಟೋ ಪ್ರತಿಗಳ ಮೇಲೆ ಅದು ಕೈಗೆ ಬಂದ ದಿನಾಂಕ ಬರೆದಿಟ್ಟರು.

ನೀವೂ ಅಷ್ಟು ಮಾಡಿ. ಕ್ಯಾಂಪಸ್ಸಿನ ನೋಟಿಸ್ ಬೋರ್ಡಿನಿಂದ ದಿನ ಕಳೆದ ಪೋಸ್ಟರ್ ತೆಗೆಯುವಾಗ ಎರಡು ಪ್ರತಿ ಎತ್ತಿಡಿ, ಹಿಂದೆ ಪೆನ್ಸಿಲ್‌ನಲ್ಲಿ ದಿನಾಂಕ ಮತ್ತು ಜಾಗ ಬರೆಯಿರಿ. ಪೋಸ್ಟರಿನಲ್ಲಿ ತಿಂಗಳು, ತಾರೀಕು, ವಾರ ಇರುತ್ತದೆ, ವರ್ಷ ಮಾತ್ರ ಇರುವುದಿಲ್ಲ. ಹಾಕಿದವರಿಗೆ ಅದರ ಅಗತ್ಯ ಇರಲಿಲ್ಲ. ಪ್ರತಿಭಟನೆಯ ಕರಪತ್ರ ಸಿಕ್ಕರೆ ಎದುರು ಗುಂಪಿನದನ್ನೂ ಹುಡುಕಿ. ಒಂದೇ ಕಡೆಯದು ಇಟ್ಟರೆ ಮುಂದೆ ನೋಡುವವರಿಗೆ ಜಗಳ ಅರ್ಥವಾಗುವುದಿಲ್ಲ.

ಈಗ ಬಹುಪಾಲು ಆಮಂತ್ರಣಗಳು ಕಾಗದವನ್ನೇ ಕಾಣುವುದಿಲ್ಲ. ಫೋನಿನಿಂದ ಫೋನಿಗೆ ಹೋಗಿ ಅಳಿಸಿಹೋಗುತ್ತವೆ. ಮೂಲ ಫೈಲನ್ನೇ ಕಾರ್ಯಕ್ರಮ ನಡೆಸಿದವರಿಂದ ಕೇಳಿ ಪಡೆಯಿರಿ. ಮೆಸೇಜ್ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸಿ ಕಳಿಸುತ್ತವೆ, ತೆಗೆದ ದಿನಾಂಕದಂಥ ಒಳಮಾಹಿತಿಯನ್ನೂ ಬಹಳ ಸಲ ಅಳಿಸುತ್ತವೆ. ಕ್ಯೂಆರ್ ಕೋಡ್ ಇರುವ ಪೋಸ್ಟರ್ ಆದರೆ ಅದು ತೆರೆಯುವ ಪುಟವನ್ನೂ ಸೇವ್ ಮಾಡಿ. ಕೆಲ ತಿಂಗಳಲ್ಲಿ ಆ ಪುಟ ಇರುವುದಿಲ್ಲ.

6. ಎಲ್ಲಿ, ಯಾವುದರಲ್ಲಿ ಇಡುವುದು

ಅಟ್ಟ ಬೇಡ, ನೆಲಮಾಳಿಗೆ ಬೇಡ. ಜನ ಓಡಾಡುವ, ಗಾಳಿಯಾಡುವ, ಹೊರಗೋಡೆಗೆ ತಾಗದ ಕೋಣೆಯ ಬೀರು ಸಾಕು. ನೀರಿನ ಪೈಪು ಮೇಲೆ ಹಾದುಹೋಗದಿರಲಿ. ಕೆಳಗಿನ ಖಾನೆ ನೆಲದಿಂದ ಒಂದು ಗೇಣಾದರೂ ಮೇಲಿರಲಿ. ತೇವಾಂಶ 30ರಿಂದ 50 ಶೇಕಡಾ ಒಳಗಿದ್ದರೆ ಚೆನ್ನ. 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ತಂಪಿದ್ದಷ್ಟೂ ಒಳ್ಳೆಯದೇ, ಆದರೆ ಹಗಲು ಎಸಿ ಹಾಕಿ ರಾತ್ರಿ ಆರಿಸುವ ಕೋಣೆಗಿಂತ ಒಂದೇ ಸಮ ಇರುವ ಸಾಧಾರಣ ಕೋಣೆ ಮೇಲು.

ಲಕೋಟೆ, ಪೆಟ್ಟಿಗೆ ಆಸಿಡ್ ಇಲ್ಲದ ಕಾಗದದ್ದಾಗಿರಲಿ. ಫೋಟೊಗಾದರೆ ‘ಫೋಟೊಗ್ರಾಫಿಕ್ ಆಕ್ಟಿವಿಟಿ ಟೆಸ್ಟ್’ (ಲಕೋಟೆಯಿಂದ ಫೋಟೊ ಹಾಳಾಗುತ್ತದೆಯೇ ಎಂದು ನೋಡುವ ಪರೀಕ್ಷೆ) ಪಾಸಾಗಿದೆಯೇ ಎಂದು ಮಾರುವವರನ್ನು ಕೇಳಿ. ಪ್ಲಾಸ್ಟಿಕ್ ಬೇಕಿದ್ದರೆ ಪಾಲಿಯೆಸ್ಟರ್, ಪಾಲಿಪ್ರಾಪಿಲೀನ್, ಪಾಲಿಎಥಿಲೀನ್ ಆಗಬಹುದು, ಪಿವಿಸಿ ಆಗದು. ಹಳೆಯ ಕಟ್ಟಡಗಳ ನೀಲಿ ನಕ್ಷೆ ಸಿಕ್ಕರೆ ಅದಕ್ಕೆ ಕ್ಷಾರ ಬೆರೆಸಿದ ‘ಬಫರ್ಡ್’ ಕಾಗದ ಬೇಡ, ನೀಲಿ ಮಾಸುತ್ತದೆ. ಲಕೋಟೆಯ ಮೇಲೆ ಬರೆದ ಮೇಲೆಯೇ ಫೋಟೊ ಒಳಗಿಡಿ. ಒಳಗಿಟ್ಟು ಬರೆದರೆ ಅಚ್ಚು ಮೂಡುತ್ತದೆ.

ನೀರು ನುಗ್ಗಿದರೆ 48 ಗಂಟೆ ನಿಮ್ಮ ಕೈಯಲ್ಲಿದೆ. ಆಮೇಲೆ ಬೂಷ್ಟಿನದೇ ರಾಜ್ಯ. ಒಂದಕ್ಕೊಂದು ಅಂಟಿದ ಫೋಟೊಗಳನ್ನು ಹಾಗೇ ಒಣಗಲು ಬಿಡಬೇಡಿ. ಶುದ್ಧ ತಣ್ಣೀರಿನಲ್ಲಿ ಇಟ್ಟು ಮೆಲ್ಲಗೆ ಬಿಡಿಸಿ, ಮುಖ ಮೇಲೆ ಮಾಡಿ ಗಾಳಿಗೆ ಒಣಗಿಸಿ. ಬಿಸಿಲು, ಹೇರ್ ಡ್ರೈಯರ್ ಬೇಡ. ಒದ್ದೆ ಕಾಗದದ ರಾಶಿ ಒಂದೇ ಸಲಕ್ಕೆ ಆಗದಷ್ಟಿದ್ದರೆ ಫ್ರೀಜರ್‌ನಲ್ಲಿಟ್ಟು ಸಮಯ ಗಳಿಸಬಹುದು. ಗಾಜಿನ ಪ್ಲೇಟ್ ಮಾತ್ರ ಫ್ರೀಜರ್‌ಗೆ ಹೋಗಬಾರದು.

7. ಈಗ ಸ್ಕ್ಯಾನರ್

ಪ್ರಿಂಟ್‌ಗಳಿಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), 35 ಮಿಮೀ ನೆಗೆಟಿವ್‌ಗೆ 3,000ದಿಂದ 4,000 ಡಿಪಿಐ. ಕಪ್ಪು ಬಿಳುಪು ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಾಗದದ ಕಂದು, ಮೇಲಿನ ಬರಹದ ಶಾಯಿ ಎಲ್ಲವೂ ಉಳಿಯಲಿ. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ: ಸ್ಟುಡಿಯೋ ಮುದ್ರೆ, ಕೈಬರಹ ಇರುವುದು ಅಲ್ಲೇ. ಅಂಚು ಕತ್ತರಿಸಬೇಡಿ.

ಸ್ಕ್ಯಾನಿನ ಮೂಲ ಫೈಲನ್ನು ಚಿತ್ರದ ವಿವರ ಕಳೆಯದ ಟಿಫ್ ಆಗಿ ಇಟ್ಟು, ಹಂಚಿಕೊಳ್ಳಲು ಗಾತ್ರ ಕುಗ್ಗಿಸಿದ ಜೆಪೆಗ್ ಮಾಡಿಕೊಳ್ಳಿ. 8×10 ಇಂಚಿನ ಒಂದು ಫೋಟೊ 600 ಡಿಪಿಐನಲ್ಲಿ 24 ಬಿಟ್ ಬಣ್ಣದ ಟಿಫ್ ಆದರೆ ಸುಮಾರು 86 ಎಂಬಿ ಆಗುತ್ತದೆ. ಸಾವಿರ ಫೋಟೊಗೆ 86 ಜಿಬಿ. ಡಿಸ್ಕ್ ಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ. ಗೀರು ಅಳಿಸುವುದು, ಬಣ್ಣ ತುಂಬುವುದು ಏನಿದ್ದರೂ ನಕಲಿನ ಮೇಲೆ. ಎಐ ಬಳಸಿ ಮುಖ ಸ್ಪಷ್ಟಗೊಳಿಸುವ ಆ್ಯಪ್‌ಗಳು ಇಲ್ಲದ ಕಣ್ಣು ಮೂಗನ್ನು ತಾವೇ ಕಲ್ಪಿಸುತ್ತವೆ. ಗೋಡೆಗೆ ಹಾಕಲು ಚಂದ, ದಾಖಲೆಗೆ ಬೇಡ.

ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಸಾಧನದಲ್ಲಿರಲಿ, ಒಂದಾದರೂ ಬೇರೆ ಕಟ್ಟಡದಲ್ಲಿರಲಿ. ವರ್ಷಕ್ಕೊಮ್ಮೆ ಫೈಲುಗಳು ತೆರೆಯುತ್ತವೆಯೇ ಎಂದು ನೋಡಿ. ಚೆಕ್‌ಸಮ್ (ಫೈಲಿನಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ) ಮಾಡಿಟ್ಟುಕೊಂಡರೆ ಒಂದು ಬಿಟ್ ಬದಲಾದರೂ ತಿಳಿಯುತ್ತದೆ.

ಪಟ್ಟಿಗೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಸಂಖ್ಯೆ, ಶೀರ್ಷಿಕೆ, ದಿನಾಂಕ ಅಥವಾ ಗಡಿ, ಸ್ಥಳ, ವ್ಯಕ್ತಿಗಳು, ತೆಗೆದವರು, ಕೊಟ್ಟವರು, ಹಕ್ಕು, ಹೇಳಿದವರು. ವಸ್ತುಗಳ ವಿವರ ದಾಖಲಿಸುವ ‘ಡಬ್ಲಿನ್ ಕೋರ್’ ಎಂಬ 15 ಅಂಶಗಳ ಮಾದರಿ ನೋಡಿಕೊಂಡು ಅಂಕಣ ಮಾಡಿದರೆ ಮುಂದೆ ಯಾವ ಲೈಬ್ರರಿಯ ವ್ಯವಸ್ಥೆಗೂ ಸುಲಭವಾಗಿ ಹೊಂದುತ್ತದೆ.

8. ಹಾಕುವ ಮುನ್ನ, ಕೊಡುವ ಮುನ್ನ

ಫೋಟೊ ನಿಮ್ಮ ಕೈಯಲ್ಲಿದೆ ಎಂದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ನಿಮ್ಮದಲ್ಲ. ಸಾಮಾನ್ಯವಾಗಿ ಅದು ತೆಗೆದವರದು, ಕೆಲವು ಸಲ ತೆಗೆಸಿದ ಸಂಸ್ಥೆಯದು. ಎಷ್ಟು ವರ್ಷ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ದೇಶದ ಕಾನೂನು ನೋಡಿ. ಕೃತಿಸ್ವಾಮ್ಯ ಮುಗಿದಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅಂಕಪಟ್ಟಿ, ಶಿಸ್ತು ಕ್ರಮದ ನೋಟಿಸ್, ವೈದ್ಯಕೀಯ ಚೀಟಿ ಇಂಥವು ಪೆಟ್ಟಿಗೆಯಲ್ಲಿ ಸಿಗುತ್ತವೆ. ಬದುಕಿರುವವರ ಇಂಥ ಕಾಗದವನ್ನು ಆನ್‌ಲೈನ್ ಹಾಕಬಾರದು. ಪ್ರತಿಭಟನೆಯ ಫೋಟೊದಲ್ಲಿ ಕಾಣುವ ಮುಖಕ್ಕೆ ಇವತ್ತೂ ತೊಂದರೆ ಆಗಬಹುದೇ ಎಂದು ಯೋಚಿಸಿ. ಯಾರಾದರೂ ತೆಗೆಯಿರಿ ಎಂದು ಕೇಳಿದರೆ ಯಾರನ್ನು ಸಂಪರ್ಕಿಸಬೇಕು ಎಂದು ಸ್ಪಷ್ಟವಾಗಿ ಬರೆದಿರಲಿ.

ಸಂಗ್ರಹ ಒಬ್ಬರ ಮನೆಯಲ್ಲಿ ಬಹಳ ಕಾಲ ಇರುವುದು ಒಳ್ಳೆಯದಲ್ಲ. ಯೂನಿವರ್ಸಿಟಿ ಲೈಬ್ರರಿಗೋ ಸ್ಥಳೀಯ ಆರ್ಕೈವ್‌ಗೋ ಕೊಡುವುದಾದರೆ ಬಾಯಿಮಾತಿನಲ್ಲಿ ಕೊಡಬೇಡಿ. ಒಂದು ಪತ್ರ ಮಾಡಿಸಿ: ಮಾಲೀಕತ್ವ ಅವರಿಗೆ ಹೋಗುತ್ತದೆಯೇ, ಹಕ್ಕು ಯಾರದು, ಸಾರ್ವಜನಿಕರಿಗೆ ಯಾವಾಗ ತೆರೆಯುತ್ತಾರೆ, ಬೇಡವಾದ ವಸ್ತುಗಳನ್ನು ಎಸೆಯುತ್ತಾರೋ ವಾಪಸ್ ಕೊಡುತ್ತಾರೋ. ಕೊನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ಫೋಟೊ ಮತ್ತು ಚಿಲ್ಲರೆ ಕಾಗದಗಳನ್ನು ಬೇರೆ ಬೇರೆ ವಿಭಾಗಕ್ಕೆ ಹಂಚುವುದಾದರೆ ಎರಡೂ ಕಡೆ ನಿಮ್ಮ ಸಂಖ್ಯೆ ಉಳಿಯಲಿ ಎಂದು ಅದೇ ಪತ್ರದಲ್ಲಿ ಸೇರಿಸಿ. ಹೆಸರುಗಳ ಪಟ್ಟಿಯನ್ನು ಕಾಗದದ ಮೇಲೂ ಪ್ರಿಂಟ್ ತೆಗೆದು ಪ್ರತಿ ಪೆಟ್ಟಿಗೆಯೊಳಗೆ ಒಂದು ಪ್ರತಿ ಹಾಕಿ.